ಉಳದೆ ಬಿಟ್ಟ ಪಟ್ಟೆ

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಪಕ್ಕಕ್ಕೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೈಲರ್ ತುಂಬ ಕೆರೆ ಗೋಡು, ತಳದಿಂದ ಎತ್ತಿದ ಹೂಳು, ಇನ್ನೂ ಹಸಿ, ಹಿಂದಿನ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ವಾಸನೆ ಮೂಗಿಗೆ ಬಡಿಯಿತು. ಹೊಲ ಮಾಡುವವನಿಗೆ ಅದು ಹಿತವಾದ ವಾಸನೆ. ನಾನು ಮಾತ್ರ ಮೂಗಿಗೆ ಟವೆಲ್ ಅಡ್ಡ ಹಿಡಿದೆ.

"ಯಾವ ಕೆರೇದಪ್ಪಾ ಇದು?" ಅಂತ ಡ್ರೈವರನ್ನು ಕೇಳಿದೆ.

ಕೋಲಾರದ ಕಡೆಯ ಯಾವುದೋ ಕೆರೆಯ ಹೆಸರು ಹೇಳಿದ. "ಯಾಕಣ್ಣಾ, ಬೇಕಿತ್ತಾ? ಇನ್ನೂ ಎರಡು ಲೋಡ್ ಐತೆ."

ಬೇಡ ಅಂತ ಕೈಯಾಡಿಸಿದೆ. ಗೇಟು ಎತ್ತಿದ್ದು ನನಗೆ ತಿಳಿಯಲಿಲ್ಲ. ಹಿಂದಿನವರು ಹಾರನ್ ಹೊಡೆದು ಬೈದ ಮೇಲೆಯೇ ಗಾಡಿ ಎತ್ತಿದ್ದು. ದಾರಿಯುದ್ದಕ್ಕೂ, ನನ್ನ ಹೊಲವನ್ನು ಉಳದೆ ಬಿಟ್ಟು ಊರಿನವರ ಬಾಯಿಗೆ ಬಿದ್ದ ಆ ವರ್ಷವೇ ತಲೆಯಲ್ಲಿ ಓಡಿತು.

ನಮ್ಮೂರು ಇರುವುದು ಊರಿಗಾಂ ಕಡೆಯ ಸೈನೈಡ್ ದಿಬ್ಬದ ಇಳಿಜಾರಿನಲ್ಲಿ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿ ಚಿನ್ನ ತೆಗೆದುಕೊಂಡು, ಉಳಿದ ಹುಡಿಯನ್ನು ಸುರಿದೂ ಸುರಿದೂ ಆದ ಗುಡ್ಡ ಅದು. ಗಣಿ ಮುಚ್ಚಿತು, ಗುಡ್ಡ ಉಳಿಯಿತು. ಆಷಾಢದ ಗಾಳಿಗೆ ಹುಡಿ ಎದ್ದರೆ ಹೆಂಗಸರು ಒಣಹಾಕಿದ ಬಟ್ಟೆ ಒಳಗೆ ತರುತ್ತಾರೆ, ನೀರಿನ ಬಿಂದಿಗೆಗೆ ತಟ್ಟೆ ಮುಚ್ಚುತ್ತಾರೆ. ಅದಕ್ಕಿಂತ ಹೆಚ್ಚಿಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ದಿಬ್ಬದ ಮಾತು ಬಂದರೆ ನನ್ನ ಚಿಕ್ಕಪ್ಪನ ಮಗ ವೆಂಕಟೇಶ ಒಂದೇ ಮಾತು ಹೇಳುತ್ತಿದ್ದ: "ಅದು ಅಂಥಾ ಇಸವೇ ಆಗಿದ್ರೆ ನಾವೆಲ್ಲಾ ಯಾವತ್ತೋ ಸತ್ತೋಗ್ಬೇಕಿತ್ತಲ್ಲಾ?" ನಾವು ಸತ್ತಿರಲಿಲ್ಲ. ಹಾಗಾಗಿ ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ನಾನು ಏಳನೇ ಕ್ಲಾಸು ದಾಟಿದವನಲ್ಲ. ಅದಕ್ಕೆ ನಾಚಿಕೆಯೂ ಇಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಗಾರೆ ಕೆಲಸ ಮಾಡಿ, ರಾತ್ರಿ ಗಾಡಿಗೆ ವಾಪಸು ಬಂದು, ಆ ದುಡಿಮೆಯಲ್ಲಿ ಒಂದೂವರೆ ಎಕರೆ ಕೊಂಡವನು. ಕೊಂಡಾಗ ಅದು ಬರೀ ಕಲ್ಲು, ಲಂಟಾನದ ಪೊದೆ. ನಾನೂ ರತ್ನಳೂ ಸೇರಿ ಕಲ್ಲು ಆರಿಸಿದೆವು. ರತ್ನ ನನ್ನ ಸೋದರತ್ತೆಯ ಮಗಳು, ಮದುವೆಯಾಗಿ ಇಷ್ಟು ಕಾಲವಾದರೂ ಬಾಯಿ ತುಂಬ 'ಬಾವ' ಅಂತಲೇ ಕರೆಯುತ್ತಾಳೆ. ದಾರಿಯಲ್ಲಿ ಹೋಗುವವರು "ಚೌಡಪ್ಪನ ಒಲ ನೋಡು, ಅಂಗೈ ಅಂಗೈತೆ" ಅಂದದ್ದು ಕಿವಿಗೆ ಬಿದ್ದರೆ ಅವತ್ತು ನನಗೆ ಊಟವೇ ಬೇಡ.

ಆ ವರ್ಷ ಯುಗಾದಿ ಕಳೆದ ಮೇಲೆ ಕೆರೆ ಬತ್ತಿತು. ಬತ್ತಿದರೆ ಹೊಲಕ್ಕೆ ಗೊಬ್ಬರವಾಗಿ ಗೋಡು ಹೊಡೆಯುವುದು ನಮ್ಮ ಕಡೆ ತಲೆತಲಾಂತರದಿಂದ ಬಂದದ್ದು. ಮೊದಲ ಟ್ರೈಲರಿಗೆ ಅರಿಶಿನ ಕುಂಕುಮ ಇಟ್ಟು, ಊರಿನ ಹಿರಿಯನೊಬ್ಬ ಒಂದು ಹಿಡಿ ಗೋಡು ತೆಗೆದು ಬೆರಳಲ್ಲಿ ಉಜ್ಜಿ ನೋಡಬೇಕು. ಅವನು ಚೆನ್ನಾಗಿದೆ ಅಂದ ಮೇಲೆಯೇ ತುಂಬುವುದು. ಆ ಸಲ ಮುನಿಶಾಮಣ್ಣ ಉಜ್ಜಿದರು. ಕೆರೆಯಲ್ಲಿ ಎರಡು ಥರದ ಗೋಡಿತ್ತು. ಕೋಡಿಯ ಕಡೆ ಕಪ್ಪು, ಅಂಟು, ಅಗೆಯಲು ಕಷ್ಟ. ಹಳ್ಳ ಬಂದು ಸೇರುವ ಬಾಯಲ್ಲಿ ಬೂದಿ ಬಣ್ಣದ್ದು, ನುಣ್ಣಗೆ, ರಸ್ತೆಗೂ ಹತ್ತಿರ. ಮುನಿಶಾಮಣ್ಣ ಬೂದಿ ಬಣ್ಣದ್ದನ್ನು ಉಜ್ಜಿ, "ಬೆಣ್ಣೆ ಕಣ್ರಲಾ, ಬೆಣ್ಣೆ!" ಅಂದರು.

ಆ ಹಳ್ಳ ದಿಬ್ಬದ ಬುಡದಿಂದ ಬರುವುದು ನಮಗೆಲ್ಲ ಗೊತ್ತು. ಹಿಂದಿನ ಮಳೆಗಾಲದಲ್ಲಿ ದಿಬ್ಬದ ಒಂದು ಮಗ್ಗುಲು ಕೊಚ್ಚಿಹೋಗಿದ್ದನ್ನೂ ನೋಡಿದ್ದೆವು. ಆದರೆ ನಮ್ಮ ಲೆಕ್ಕದಲ್ಲಿ ಕೆರೆಗೆ ಬಂದು ಬಿದ್ದದ್ದು ಕೆರೆಯದು. ಕೆರೆಯ ತಾಯಿಗೆ ಮಡಿಲು ತುಂಬಿಸಿ, ಅಲ್ಲಿಂದ ಎತ್ತಿದ್ದರ ಮೇಲೆ ಸಂಶಯ ಪಡುವ ಪದ್ಧತಿ ನಮ್ಮಲ್ಲಿ ಇಲ್ಲ. ಊರಿಗೆ ಊರೇ ಹೊಡೆಯಿತು. ನಾನೂ ಹೊಲದ ತಗ್ಗಿನ ಕಡೆ, ತೇವ ನಿಲ್ಲುವ ಭಾಗಕ್ಕೆ ಬೂದಿ ಗೋಡನ್ನು ಹರಡಿದೆ. ಮೇಲಿನ ಭಾಗಕ್ಕೆ ಕೊಟ್ಟಿಗೆ ಗೊಬ್ಬರ ಇತ್ತು, ಅದೇ ಸಾಕು ಅನ್ನಿಸಿತು.

ಅದೇ ದಿನಗಳಲ್ಲಿ ನಮ್ಮ ಮಗಳು ಮಂಜುಳಾ ಚೊಚ್ಚಿಲ ಬಾಣಂತನಕ್ಕೆ ಮನೆಗೆ ಬಂದಳು. ಮಾಲೂರಿಗೆ ಕೊಟ್ಟಿದ್ದೇವೆ. ಬಂದ ದಿನವೇ ಬಾಗಿಲಲ್ಲಿ ನಿಂತು, "ಅಮ್ಮಾ, ನಮ್ಮ ಒಲದ ಬೆರಕೆ ಸೊಪ್ಪಿನ ಸಾರು, ನಮ್ಮ ರಾಗಿ ಮುದ್ದೆ. ಎರಡು ತಿಂಗಳಿಂದ ಅದೇ ಕನಸು" ಅಂದಳು. ಒಂದೆರಡು ಹದ ಮಳೆ ಬಿದ್ದಿತ್ತು. ರತ್ನ ಮಡಿಲು ಕಟ್ಟಿಕೊಂಡು ಹೊಲಕ್ಕೆ ಹೋದಳು. ಹೋದವಳು ಸೊಪ್ಪು ತರಲಿಲ್ಲ. ನಾನು ಹಸುವಿಗೆ ನೀರು ಕುಡಿಸುತ್ತಿದ್ದಲ್ಲಿಗೆ ಬಂದು ನಿಂತಳು.

"ಬಾವ, ಒಸಿ ಬಂದು ನೋಡು."

ಮೇಲಿನ ಭಾಗದಲ್ಲಿ ಅಣ್ಣೆ ಸೊಪ್ಪು, ಕೀರೆ, ಹುಲ್ಲು ಎಲ್ಲ ಹಸಿರಾಗಿ ಎದ್ದಿದ್ದವು. ತಗ್ಗಿಗೆ ಬಂದರೆ ಒಂದು ಪಟ್ಟೆಯಲ್ಲಿ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಎಲೆ, ಅದೂ ಹಳದಿ. ಗೋಡು ಹರಡಿದ್ದು ಎಲ್ಲಿಂದ ಎಲ್ಲಿಗೆ ಅಂತ ಕೋಲಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

"ಗೋಡಿನ ಬಿಸಿ ಇರ್ಬೇಕು. ಇನ್ನೊಂದು ಮಳೆ ಬಿದ್ರೆ ಸರೋಗ್ತದೆ" ಅಂದೆ.

"ಕಳೇನೂ ಉಟ್ಟದ ಮಣ್ಣಾ ಬಾವ?" ಅಂದಳು ರತ್ನ. "ಕಳೆ ಎಲ್ಲಾದ್ರೂ ಉಟ್ಟದೆ ಇರೋದು ನೋಡಿದ್ದೀಯಾ?"

ನೋಡಿದ್ದೆ. ದಿಬ್ಬದ ಮೇಲೆ. ಅವಳ ಮುಖ ನೋಡಿದೆ. ಅವಳಿಗೂ ಅದೇ ಹೊಳೆದಿತ್ತು. ಅವತ್ತು ಮಂಜುಳಾಳಿಗೆ ಸಂತೆಯ ಸೊಪ್ಪಿನಲ್ಲಿ ಸಾರು ಮಾಡಿ, ಹೊಲದ್ದೇ ಅಂತ ಬಡಿಸಿದಳು. "ಯಾಕೋ ರುಚಿ ಬೇರೆ ಐತಲ್ಲಮ್ಮ" ಅಂದಳು ಹುಡುಗಿ. ರತ್ನ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮರುದಿನ ಕವರಿನಲ್ಲಿ ಮಣ್ಣು ಕಟ್ಟಿಕೊಂಡು ಕೃಷಿ ಕಚೇರಿಗೆ ಹೋದೆ. ಅಲ್ಲಿ ಮಣ್ಣು ಪರೀಕ್ಷೆ ನೋಡುವ ಮೇಡಂ ಒಬ್ಬರಿದ್ದರು, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಎಲ್ಲ ಕೇಳಿಸಿಕೊಂಡು, "ಇಲ್ಲಿ ಮಾಡೋದು ಗೊಬ್ಬರದ ಲೆಕ್ಕ ಅಷ್ಟೇ ಯಜಮಾನರೇ. ನೀವು ಹೇಳ್ತಿರೋದನ್ನ ದೊಡ್ಡ ಲ್ಯಾಬಿಗೆ ಕಳಿಸಬೇಕು, ತಡ ಆಗುತ್ತೆ" ಅಂದರು.

"ಅದ್ರಲ್ಲಿ ಸೈನೈಡ್ ಐತಾ ಮೇಡಂ? ಅದೊಂದು ಏಳ್ಬಿಡಿ."

"ಎಲ್ಲರೂ ಸೈನೈಡನ್ನೇ ಕೇಳ್ತಾರೆ. ಅದು ಬಿಸಿಲಿಗೆ, ಗಾಳಿಗೆ ಬಹಳಷ್ಟು ಹೋಗಿರಬಹುದು. ಆ ಕಲ್ಲಿನೊಳಗೇ ಇದ್ದ ಆರ್ಸೆನಿಕ್ ಥರದ ವಿಷ ಇರುತ್ತಲ್ಲ, ಅದು ಎಲ್ಲೂ ಹೋಗಲ್ಲ. ಒಂದೇ ದಿನಕ್ಕೆ ಏನೂ ಮಾಡಲ್ಲ. ವರ್ಷಗಟ್ಟಲೆ ತಿಂದರೆ, ಕುಡಿದರೆ ಕಾಡುತ್ತೆ."

ವೆಂಕಟೇಶನ ಮಾತು ನೆನಪಾಯಿತು. ನಾವು ಸಾಯದೆ ಇರುವುದನ್ನೇ ನೋಡುತ್ತಿದ್ದೆವು, ಇದು ಅವಸರವೇ ಇಲ್ಲದ ವಿಷ. ಮಗಳ ಏಳನೇ ತಿಂಗಳ ಹೊಟ್ಟೆ ಕಣ್ಣ ಮುಂದೆ ಬಂತು. ಎದ್ದು ನಿಂತೆ. "ಇವತ್ತೇ ಟ್ರ್ಯಾಕ್ಟರ್ ತರಿಸ್ತೀನಿ. ಆಳವಾಗಿ ಉತ್ತು ಮಣ್ಣೊಳಗೆ ಮುಚ್ಚಾಕ್ಬಿಡ್ತೀನಿ."

ಮೇಡಂ ಕೂಡ ಎದ್ದು ನಿಂತರು. "ಅದೊಂದು ಮಾತ್ರ ಮಾಡಬೇಡಿ. ಈಗ ಅದು ಮೇಲೆ ಒಂದು ಪದರ ಇದೆ, ಬೇಕಾದರೆ ತೆಗೀಬಹುದು. ಉತ್ತರೆ ಮೊಣಕಾಲುದ್ದಕ್ಕೂ ಕಲಸಿಬಿಡ್ತೀರಿ. ಆಮೇಲೆ ನೀವಲ್ಲ, ಯಾರು ಬಂದರೂ ಬೇರ್ಪಡಿಸೋಕಾಗಲ್ಲ."

"ಮಳೆ ಕಾಯ್ತದಾ ಮೇಡಂ?"

"ಮಳೆ ಕಾಯಲ್ಲ. ನೀವು ಕಾಯಬೇಕು."

ನನಗೆ ಕೋಪ ಬಂತು. ಬಿತ್ತುವ ಕಾಲದಲ್ಲಿ ಕೈಕಟ್ಟಿ ಕೂರು ಅಂತ ನನಗೆ ಯಾರೂ ಹೇಳಿರಲಿಲ್ಲ. ಆದರೂ ಎರಡು ದಿನ ಬಿಟ್ಟು ಮೇಡಂ ಹೊಲಕ್ಕೇ ಬಂದಾಗ ಗುದ್ದಲಿ ಹಿಡಿದು ಹಿಂದೆ ನಡೆದೆ. ಹೊಲವನ್ನು ಚೌಕ ಚೌಕ ಮಾಡಿಸಿ, ಒಂದೊಂದರಿಂದಲೂ ಬೇರೆ ಬೇರೆ ಮಣ್ಣು ತೆಗೆಸಿದರು. ಬಾವಿಯ ನೀರನ್ನೂ ಬಾಟಲಿಗೆ ತುಂಬಿಕೊಂಡರು. ಪಟ್ಟೆಯ ಅಂಚಿನಲ್ಲಿ ನಿಂತು, ಇಲ್ಲಿಗೆ ಮುಗಿಯಿತು ಅಂತ ನಾನು ಗೂಟ ಹೊಡೆಯಹೋದರೆ ತಡೆದರು. "ಖಾತ್ರಿನಾ?" ಅಂದರು. ಹರಡುವಾಗ ಗಾಳಿ ಇತ್ತು. ಖಾತ್ರಿ ಇರಲಿಲ್ಲ. "ಹಾಗಾದರೆ ನಾಲ್ಕು ಹೆಜ್ಜೆ ಆಚೆಗೆ ಹೊಡೀರಿ. ಗೊತ್ತಿಲ್ಲದ ಜಾಗವನ್ನ ಗೊತ್ತಿಲ್ಲ ಅಂತಲೇ ಇಟ್ಕೊಳ್ಳೋಣ." ಹುಡಿ ಏಳದ ಹಾಗೆ ಪಟ್ಟೆಯ ಮೇಲೆ ಒಣ ಹುಲ್ಲು ಹಾಸಿಸಿದರು, ಹಸು ಆ ಕಡೆ ಸುಳಿಯದಂತೆ ಬೇಲಿ ಕಟ್ಟಿಸಿದರು. ವರದಿ ಬರುವವರೆಗೆ ಎಲ್ಲೂ ನೇಗಿಲು ಇಳಿಸಬೇಡಿ ಅಂದು ಹೋದರು.

ಅವತ್ತು ಸಂಜೆಯೇ ವೆಂಕಟೇಶನ ಮನೆಗೆ ಹೋಗಿ ಹೇಳಿದೆ. ಅವನ ಹೊಲ ನನ್ನದಕ್ಕೆ ಅಂಟಿಕೊಂಡಿದೆ, ಪೂರ್ತಿ ಬೂದಿ ಗೋಡು ಹೊಡೆದಿದ್ದ. ನಕ್ಕುಬಿಟ್ಟ.

"ಅಣ್ಣೋ, ನಿಂಗೆ ವಯಸ್ಸಾಯ್ತು ಕಣೋ. ಆಯಮ್ಮ ನೆನ್ನೆ ಮೊನ್ನೆ ಕಾಲೇಜು ಮುಗಿಸ್ಕೊಂಡು ಬಂದೌಳೆ. ಮುನಿಶಾಮಣ್ಣ ಉಜ್ಜಿ ನೋಡಿಲ್ವಾ?"

"ಬೆರಳಿಗೆ ಸಿಗೋದಲ್ವಂತೆ ಕಣ್ಲಾ ಅದು."

"ಬೆರಳಿಗೆ ಸಿಗಲ್ಲ, ಕಣ್ಣಿಗೆ ಕಾಣಲ್ಲ, ಸಾಯ್ಸೋದೂ ಇಲ್ಲ. ಒಳ್ಳೆ ದೆವ್ವ ಅಂಗೈತಲ್ಲಣ್ಣ!"

ರೋಹಿಣಿ ಮಳೆ ಚೆನ್ನಾಗಿ ಹೊಡೆಯಿತು. ಊರೆಲ್ಲ ಉಳುಮೆ. ಬೆಳಕು ಹರಿಯುವ ಮುಂಚೆ ಟ್ರ್ಯಾಕ್ಟರುಗಳ ಸದ್ದು, ಮಣ್ಣು ಮಗುಚಿದ ವಾಸನೆ. ನಾನು ಹಾಲು ಡೇರಿಗೆ ಹಾಕಿ ಬಂದರೆ ಕೈಗೆ ಕೆಲಸವಿಲ್ಲ. ಬದುವಿನ ಮೇಲೆ ಕೂತು ಹುಲ್ಲು ಹಾಸಿದ ಪಟ್ಟೆಯನ್ನು ನೋಡುವುದು, ಎದ್ದು ಬರುವುದು. ಅಷ್ಟು ದುಡಿದ ಮೈಗೆ ಆ ಕೂರುವಿಕೆಯಷ್ಟು ನೋವು ಬೇರಾವುದೂ ಕೊಟ್ಟಿರಲಿಲ್ಲ. ವೆಂಕಟೇಶ ಟ್ರ್ಯಾಕ್ಟರಿನ ಮೇಲಿಂದ ಕೂಗುತ್ತಿದ್ದ: "ಏನಣ್ಣೋ, ಒಲಕ್ಕೂ ಬಾಣಂತನ ಮಾಡ್ತಿದ್ದೀಯಾ? ಕಂಬ್ಳಿ ಒದ್ಸಿದ್ದೀಯಾ!" ಅವನ ಹಿಂದೆ ಕೂತವರು ನಗುತ್ತಿದ್ದರು. ಡೇರಿಯ ಕಟ್ಟೆಯಲ್ಲಿ ಯಾರೋ, ಚೌಡಪ್ಪ ಹೊಲ ಮಾರಲು ಬಿಟ್ಟಿದ್ದಾನಂತೆ ಅಂದದ್ದೂ ಕಿವಿಗೆ ಬಿತ್ತು. ಮನೆಯೊಳಗೆ ಮಂಜುಳಾಗೆ ಅನುಮಾನ. "ಅಪ್ಪ ಉಸಾರಿಲ್ವಾ? ಯಾಕೆ ಉಳ್ತಿಲ್ಲ?" ಅವಳಿಗೆ ಹೇಳಬಾರದೆಂದು ರತ್ನ ಬಾಯಿ ಕಟ್ಟಿದ್ದಳು. ಹೆದರಿಕೆ ಹೊಟ್ಟೆಯಲ್ಲಿರುವ ಕೂಸಿಗೆ ತಗಲುತ್ತದಂತೆ.

ವಾರಗಳು ಹೋದವು. ವರದಿ ಇಲ್ಲ. ಫೋನ್ ಮಾಡಿದರೆ "ಇನ್ನೂ ಬಂದಿಲ್ಲ ಯಜಮಾನರೇ." ಆರಿದ್ರಾ ಮಳೆ ಶುರುವಾದಾಗ ನನ್ನ ತಾಳ್ಮೆ ಹರಿಯಿತು. ಒಬ್ಬ ಟ್ರ್ಯಾಕ್ಟರಿನವನಿಗೆ ಬಾ ಅಂದುಬಿಟ್ಟೆ. ರತ್ನಳಿಗೂ ಹೇಳಲಿಲ್ಲ.

ಅವನು ಬಂದ. ಹೊಲದ ಬಾಯಲ್ಲಿ ಗಾಡಿ ನಿಲ್ಲಿಸಿ, ನೇಗಿಲು ಇಳಿಸಿ, ಇಂಜಿನ್ ಗುಡುಗಿಸುತ್ತಲೇ ಕೇಳಿದ: "ಏಮಣ್ಣಾ, ಯಾ ಕಡೆಯಿಂದ ಆಕ್ಲಿ?"

ಸಣ್ಣ ಪ್ರಶ್ನೆ. ಯಾವಾಗಲೂ ನಾವು ಮೇಲಿನಿಂದ ಹಾಕಿಸುತ್ತೇವೆ. ಮೇಲಿನಿಂದ ಅಂತ ಹೇಳಲು ಬಾಯಿ ತೆರೆದೆ. ಆ ಕಬ್ಬಿಣದ ಹಲ್ಲುಗಳು ತಗ್ಗಿಗೆ ಹೋಗಿ, ಆ ಮಣ್ಣನ್ನು ಕಚ್ಚಿಕೊಂಡು ತಿರುಗಿ ಮೇಲಕ್ಕೆ ಬರುವುದು ಕಣ್ಣಿಗೆ ಕಟ್ಟಿತು. ಒಂದು ಸುತ್ತು ಸಾಕು. ಮೇಲಿನ ಒಳ್ಳೆಯ ಮಣ್ಣೂ ಹೋಯಿತು. ಸುತ್ತಲಿನ ಹೊಲಗಳವರೆಲ್ಲ ನೋಡುತ್ತ ನಿಂತಿದ್ದರು.

"ಯಾ ಕಡೆಯಿಂದಣ್ಣಾ? ಡೀಸಲ್ ಉರೀತೈತೆ."

"ಬ್ಯಾಡ ಓಗಪ್ಪ" ಅಂದೆ.

"ಏನು?"

"ಇವತ್ತು ಉಳಲ್ಲ. ನಿನ್ ಬಾಡಿಗೆ ಎಷ್ಟಾಯ್ತೋ ತಗೊಂಡೋಗು."

ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ ನೇಗಿಲು ಎತ್ತಿಕೊಂಡ. ಆಚೆ ಹೊಲದಿಂದ ಶಿಳ್ಳೆ ಬಂತು. ನಾನು ಯಾರ ಕಡೆಯೂ ನೋಡದೆ ಮನೆಗೆ ನಡೆದೆ. ಅವತ್ತು ಸರಿ ಮಾಡಿದೆನೋ ತಪ್ಪು ಮಾಡಿದೆನೋ ನನಗೇ ಗೊತ್ತಿರಲಿಲ್ಲ ಅನ್ನುವುದು ನಿಜ.

ಅದಾಗಿ ಸ್ವಲ್ಪ ದಿನಕ್ಕೆ ವರದಿ ಬಂತು. ಮೇಡಂ ಕಚೇರಿಗೆ ಕರೆಸಿ, ಬೆರಳಿಟ್ಟು ಒಂದೊಂದೇ ಚೌಕ ತೋರಿಸಿದರು. ಪಟ್ಟೆಯ ಮೇಲು ಪದರದಲ್ಲಿ ಆರ್ಸೆನಿಕ್ ಊಟದ ಬೆಳೆಗೆ ಇರಬಾರದಷ್ಟು. ನಾಲ್ಕು ಹೆಜ್ಜೆ ಆಚೆ ಗೂಟ ಹೊಡೆದಿದ್ದೆವಲ್ಲ, ಅದರಲ್ಲೂ ಸ್ವಲ್ಪ. ಮೇಲಿನ ಭಾಗ ಶುದ್ಧ. ಬಾವಿ ನೀರು ಸದ್ಯಕ್ಕೆ ಅಡ್ಡಿಯಿಲ್ಲ, ಆಗಾಗ ನೋಡಿಸುತ್ತಿರಬೇಕು. ಕಾಗದ ಈಸಿಕೊಂಡು ಒಂದೊಂದು ಚೌಕವನ್ನೂ ನಾನೇ ಮತ್ತೆ ಎಣಿಸಿದೆ. ಎಲ್ಲ ಹೋಯಿತು ಅಂದುಕೊಂಡಿದ್ದವನಿಗೆ ಮುಕ್ಕಾಲು ಉಳಿದಿತ್ತು.

ಮೇಲಿನ ಭಾಗವನ್ನು ಬೇರೆಯಾಗಿ ಉಳುಮೆ ಮಾಡಿಸಿ, ಪುಷ್ಯ ಮಳೆಗೆ ರಾಗಿ ಬಿತ್ತಿದೆ. ಅದಕ್ಕೆ ಮುಂಚೆ ಪಟ್ಟೆಯನ್ನು ಕೆರೆದು ತೆಗೆಯುವ ಕೆಲಸ. ನೀರು ಚಿಮುಕಿಸಿ, ಬಾಯಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸನಿಕೆ ಗುದ್ದಲಿಯಲ್ಲಿ ಪದರ ಪದರವಾಗಿ ಎತ್ತಬೇಕು. ಕೆಳಗಿನ ಕೆಂಪು ಮಣ್ಣು ಕಾಣುವವರೆಗೆ. ಹೊರಗೆ ಕಾಲು ತೊಳೆದು, ಬಟ್ಟೆ ಬೇರೆ ನೆನೆಸಿಯೇ ಮನೆಯೊಳಗೆ ಬರುವುದು. ದಿನಗಟ್ಟಲೆ ಮಾಡಿದೆ. ಕೆಲಸ ಸಿಕ್ಕಿದ್ದಕ್ಕೆ ಮೈಗೆ ಜೀವ ಬಂದಿತ್ತು.

ರಾಶಿ ಬೆಳೆಯುತ್ತಿದ್ದ ಹಾಗೆ ವೆಂಕಟೇಶ ಬಂದು ನಿಂತ. ಅವನು ಹೊಸ ಮನೆಗೆ ಪಾಯ ಹಾಕಿಸುತ್ತಿದ್ದ.

"ಅಣ್ಣಾ, ಹೆಂಗೂ ಬಿಸಾಕ್ತೀಯ. ನಂಗೆ ಕೊಡು, ಪಾಯಕ್ಕೆ ತುಂಬ್ಕೊತೀನಿ. ಮೇಲೆ ಟೈಲ್ಸ್ ಬತ್ತದೆ, ಯಾರು ತಿಂತಾರೆ?"

"ಕೊಡಲ್ಲ."

"ಮಣ್ಣಿಗೂ ಜಿಪುಣತನವಾ?"

"ನಾಳೆ ನೀರಿನ ಪೈಪಿಗೆ ಅಂತ ಅಗೆಸ್ತೀಯ. ಮೊಮ್ಮಕ್ಕಳು ಅದ್ರಲ್ಲೇ ಆಡ್ತವೆ. ಕೊಡಲ್ಲ ಅಂದ್ರೆ ಕೊಡಲ್ಲ ಕಣ್ಲಾ."

"ಮತ್ತೆ ಎಲ್ಲಿ ಆಕ್ತೀಯ? ಕೆರೆಗಾ?"

ಅದೇ ನನಗೂ ದೊಡ್ಡ ಯೋಚನೆ. ತೆಗೆದರೆ ಮುಗಿಯಿತು ಅಂದುಕೊಂಡಿದ್ದೆ. ಇಂಥ ಮಣ್ಣು ತೆಗೆದುಕೊಳ್ಳುವ ಜಾಗ ನಮ್ಮ ಕಡೆ ಇನ್ನೂ ಆಗಿಲ್ಲ ಅಂದರು ಮೇಡಂ. ಆಗುವವರೆಗೆ ಎತ್ತರದಲ್ಲಿ, ನೀರು ತಗಲದ ಕಡೆ, ನಿಮ್ಮ ಜಾಗದಲ್ಲೇ ಇಡಬೇಕು. ಹೊಲದ ಮೇಲಿನ ಮೂಲೆಯಲ್ಲಿ ಒಂದು ಹಾಸುಬಂಡೆ ಇದೆ. ರಾಗಿ ಬಡಿಯಲು ಅದೇ ನಮ್ಮ ಕಣ. ಅಂಥ ಕಣ ಸುತ್ತಮುತ್ತ ಯಾರಿಗೂ ಇಲ್ಲ. ಅಲ್ಲೇ ದಪ್ಪ ಪ್ಲಾಸ್ಟಿಕ್ ಹಾಸಿ, ರಾಶಿ ಹಾಕಿ, ಮೇಲೂ ಹೊದಿಸಿ, ಕೆಂಪು ಮಣ್ಣು ಮುಚ್ಚಿ, ಸುತ್ತ ಕಲ್ಲು ಕಟ್ಟಿದೆ. ಕಣ ಹೋಯಿತು. ಆಮೇಲೆ ಜೋರು ಮಳೆ ಬಂದಾಗಲೆಲ್ಲ ಎದ್ದು ಹೋಗಿ ಹೊದಿಕೆ ಹರಿದಿದೆಯಾ ಅಂತ ನೋಡುವುದು ನನಗೆ ಚಾಳಿಯಾಯಿತು. ಈಗಲೂ ಹೋಗುತ್ತೇನೆ.

ಮಂಜುಳಾಳಿಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಅಳುವುದನ್ನು ಕೇಳಿ ರತ್ನ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಡಾಕ್ಟರು ಎಲ್ಲ ಸರಿಯಿದೆ ಅಂದ ಮೇಲೂ ನಾನು ಮತ್ತೆ ಮತ್ತೆ ಕೇಳಿ ಬೈಸಿಕೊಂಡೆ.

ನಾಗರ ಪಂಚಮಿ ಕಳೆದು ಒಂದು ಸಂಜೆ ವೆಂಕಟೇಶ ಮನೆಗೆ ಬಂದ. ಅವನ ರಾಗಿ ತಗ್ಗಿನಲ್ಲೂ ಎತ್ತರದಲ್ಲೂ ಒಂದೇ ಸಮನೆ ಹಳದಿ ತಿರುಗಿತ್ತು. ಜಗಲಿಯಲ್ಲಿ ಕೂತು ಕೂಸಿನ ತೊಟ್ಟಿಲನ್ನು ಒಂದೆರಡು ಸಲ ತೂಗಿದ.

"ಅಣ್ಣಾ, ನಂದೂ ಒಂದಷ್ಟು ಮಣ್ಣು ಕಳಿಸು."

ಕಳಿಸಿದೆವು. ಮೊಣಕಾಲುದ್ದಕ್ಕೂ ಕಲೆತಿತ್ತು. ಮೇಡಂ ನೋಡಿ, ತೆಗೆಯುವ ಮಾತು ಬಿಡಿ ಅಂದರು. ತಿನ್ನುವ ಬೆಳೆ, ಹಸುವಿನ ಮೇವು ಎರಡೂ ಬೇಡ, ಸದ್ಯಕ್ಕೆ ನೆಲ ಬರಿದಾಗದ ಹಾಗೆ ಸಿಲ್ವರ್ ಮರ ಹಾಕಿ, ಹುಲ್ಲು ಹಬ್ಬಿಸಿ ಅಂದರು. ಮನೆ ಹತ್ತಿರ ಬಂದಾಗ ವೆಂಕಟೇಶ, "ಅವತ್ತು ನೀನು ನಂಗೆ ನಾಲ್ಕು ಬಾರಿಸಿ ಏಳ್ಬೇಕಿತ್ತು ಕಣಣ್ಣ" ಅಂದ. ಮುಂದಿನ ಬೇಸಿಗೆಯಲ್ಲಿ ಹಳ್ಳದ ಬಾಯಿಗೆ ಯಾರೂ ಟ್ರೈಲರ್ ಇಳಿಸಬಾರದು ಅಂತ ಊರು ಕೂಡಿ ತೀರ್ಮಾನ ಮಾಡಿದಾಗ ಮೊದಲು ಕೈ ಎತ್ತಿದವನು ಅವನೇ. ಮುನಿಶಾಮಣ್ಣ ಎರಡನೆಯವರು.

ಆ ವರ್ಷ ಕಾರ್ತಿಕದಲ್ಲಿ ಮೇಲಿನ ಭಾಗದ ರಾಗಿ ಕೊಯ್ದೆವು. ಕಣವಿಲ್ಲ, ರಸ್ತೆಯ ಮೇಲೆ ಹಾಸಿ ಬಡಿದೆವು. ಕಾಳನ್ನೂ ಲ್ಯಾಬಿಗೆ ಕಳಿಸಬೇಕು ಅಂದಿದ್ದರು ಮೇಡಂ. ಮಣ್ಣು ಶುದ್ಧ ಅಂತ ಆಗಲೇ ಬಂದಿದೆಯಲ್ಲ ಅಂದರೆ, ತಿನ್ನೋದು ಮಣ್ಣಲ್ಲವಲ್ಲ ಯಜಮಾನರೇ ಅಂದರು. ಅದು ಬರುವವರೆಗೆ ರತ್ನ ಚೀಲದ ಬಾಯಿ ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ಮಂಜುಳಾಗೆ ಎಲ್ಲ ಗೊತ್ತಾಗಿತ್ತು. ಯಾರು ಹೇಳಿದರೋ.

ಕಾಳಿನದ್ದೂ ಬಂತು. ತಿನ್ನಬಹುದು.

ರತ್ನ ಅವತ್ತೇ ಬೀಸಿಸಿಕೊಂಡು ಬಂದು, ಮೇಲಿನ ಭಾಗದ ಅಣ್ಣೆ ಸೊಪ್ಪು ಕಿತ್ತು ಸಾರು ಮಾಡಿದಳು. ಮಂಜುಳಾ ಕೂಸಿಗೆ ಹಾಲು ಕುಡಿಸಿ, ತೊಡೆಯ ಮೇಲೆ ಮಲಗಿಸಿಕೊಂಡೇ ತಟ್ಟೆ ಎಳೆದುಕೊಂಡಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿದಳು. ನಾನು ಎದುರಿಗೆ ಕೂತು ಅವಳ ಗಂಟಲನ್ನೇ ನೋಡುತ್ತಿದ್ದೆ.

"ಏನಪ್ಪಾ ಅಂಗ್ ನೋಡ್ತೀಯ? ತಿನ್ನಕ್ ಬಿಡು."

"ಏನಿಲ್ಲಮ್ಮ. ತಿನ್ನು."

ವರದಿ ಸರಿಯಾಗಿಯೇ ಇತ್ತು. ನಾನೂ ಅದನ್ನು ನಂಬಿದ್ದೆ. ಆದರೂ ಅವಳು ತಟ್ಟೆ ಖಾಲಿ ಮಾಡಿ, ಕೂಸನ್ನು ಎತ್ತಿಕೊಂಡು ಎದ್ದು ಹೋಗುವವರೆಗೆ ನನ್ನ ತಟ್ಟೆಯ ಮುದ್ದೆಯನ್ನು ಮುರಿಯಲು ನನ್ನ ಕೈ ಬರಲಿಲ್ಲ.